ಕಾಡಿಗೇಕೆ ಮಡಿ?

ಹೋದ ವರ್ಷ ಗೆಳೆಯನೊಬ್ಬ ಬೋರ್ನಿಯೊಗೆ ಹೋಗಿ ಬಂದ. ಬಂದ ವಾರವೇ ನಾಲ್ಕಾರು ಮಂದಿಯನ್ನು ಮನೆಗೆ ಕರೆದು, ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ, ಆರುನೂರು ಚಿಲ್ಲರೆ ಫೋಟೋ ತೋರಿಸಿದ. ಮಲೇಷ್ಯಾದ ಸಬಾ ರಾಜ್ಯದ ಕಿನಬಾತಂಗನ್ ನದಿ. ಮೂರು ದಿನ, ಆರು ದೋಣಿ ಸವಾರಿ. ಬೆಳಗಿನ ಮಂಜಿನಲ್ಲಿ ಮಂಗಟ್ಟೆ ಹಕ್ಕಿಗಳು, ಸಂಜೆ ಬಿಸಿಲಲ್ಲಿ ಉದ್ದಮೂಗಿನ ಕೋತಿಗಳು, ಅತ್ತಿಜಾತಿಯ ಮರದಲ್ಲಿ ಒರಾಂಗುಟಾನ್, ಕೆಸರಲ್ಲಿ ಬಾಯಿ ತೆರೆದು ಮಲಗಿದ ಮೊಸಳೆ, ದಂಡೆಯಲ್ಲಿ ಹುಲ್ಲು ಕೀಳುವ ಕುಳ್ಳ ಆನೆಗಳು. ನಡುನಡುವೆ ಕಂಬಗಳ ಮೇಲೆ ನಿಂತ ಮರದ ಮನೆಗಳು, ಕೈಬೀಸುವ ಮಕ್ಕಳು, ಸಿಗಡಿಯ ಕೂಣಿ ಎತ್ತುವ ಮುದುಕ. ಮೂಲೆಯಂಗಡಿಯಿಂದ ತರಿಸಿದ ಖಾರ ಮಿಕ್ಸ್ಚರ್ ಮೆಲ್ಲುತ್ತ ನಾವೆಲ್ಲ ಕಣ್ಣರಳಿಸಿ ನೋಡಿದೆವು. ಕೊನೆಗೆ ಗೆಳೆಯ ತೀರ್ಪು ಕೊಟ್ಟ: "ಕಾಡು ಅಂದ್ರೆ ಇದು ಕಣ್ರೋ. ಮನುಷ್ಯನ ಕೈ ಸೋಕಿಲ್ಲ. ಅದಕ್ಕೇ ಪ್ರಾಣಿಗಳು ಹಿಂಗೆ ತುಂಬಿ ತುಳುಕ್ತಿವೆ."

ಈ ಮಾತು ಅವನೊಬ್ಬನದಾಗಿದ್ದರೆ ಮಿಕ್ಸ್ಚರಿನ ಜೊತೆ ನುಂಗಿಬಿಡಬಹುದಿತ್ತು. ನಮ್ಮ ಪುರವಣಿಗಳ ಪ್ರವಾಸ ಲೇಖನ ತೆಗೆಯಿರಿ, ಟೀವಿಯ ವನ್ಯಜೀವಿ ಚಿತ್ರ ನೋಡಿ, ಯೂಟ್ಯೂಬಿನ ಅಲೆಮಾರಿಗಳ ಮಾತು ಕೇಳಿ. ಮಳೆಕಾಡಿನ ನದಿ ಎಂದಕೂಡಲೇ 'ಮನುಷ್ಯಸ್ಪರ್ಶವಿಲ್ಲದ', 'ಕನ್ಯಾವನ', 'ಕಾಲ ನಿಂತುಹೋದ ಹಳ್ಳಿ' ಎಂಬ ಪದಗಳು ಕರೆಯದೆ ಬಂದು ಕೂರುತ್ತವೆ. ಇದನ್ನು ನಂಬಿದವರು ಕಾಡಿನ ಶತ್ರುಗಳಲ್ಲ. ಕಾಡನ್ನು ನಿಜವಾಗಿ ಪ್ರೀತಿಸುವ, ಓದಿಕೊಂಡ ಮಂದಿ. ನನ್ನ ಜಗಳ ಅವರ ಜೊತೆಗೇ. ನಾವು ಕಾಡಿಗೆ ಮಡಿ ಉಡಿಸಿ ಕೂರಿಸಿದ್ದೇವೆ. ಮುಟ್ಟದಿದ್ದರೆ ಅದು ಕಾಡು, ಮುಟ್ಟಿದರೆ ಮೈಲಿಗೆ. ಈ ಮಡಿಯಿಂದ ಕಾಡು ಉಳಿಯುತ್ತದೆ ಎಂದು ನಾವು ತಿಳಿದಿದ್ದೇವೆ. ಕಡಿಯಲು ಬಂದವನಿಗೆ ಕೊಡಲಿ ಸಿಕ್ಕಿದ್ದೇ ಇದರಿಂದ ಎಂದು ನಾನು ಹೇಳುತ್ತೇನೆ.

ಮೊದಲು ನದಿಯನ್ನು ನೋಡೋಣ. ಕಿನಬಾತಂಗನ್ ಸುಮಾರು 560 ಕಿಲೋಮೀಟರ್ ಹರಿದು ಸುಲು ಸಮುದ್ರ ಸೇರುತ್ತದೆ. ಸಬಾದಲ್ಲಿ ಇದಕ್ಕಿಂತ ಉದ್ದದ ನದಿಯಿಲ್ಲ. ಪ್ರವಾಸಿ ದೋಣಿಗಳು ಓಡಾಡುವುದು ಅದರ ಕೆಳಹರಿವಿನಲ್ಲಿ, ಬಾತು ಪುತೆ, ಬಿಲಿತ್, ಸುಕಾವ್, ಅಬಾಯ್ ಎಂಬ ಹಳ್ಳಿಗಳ ಆಸುಪಾಸಿನಲ್ಲಿ. ಇಲ್ಲಿ ನೆಲ ಚಪ್ಪಟೆ, ನೀರಿಗೆ ಅವಸರವಿಲ್ಲ. ನದಿ ಸೊಟ್ಟಸೊಟ್ಟ ತಿರುಗುತ್ತ, ಒಂದೊಂದು ಕಾಲಕ್ಕೆ ಒಂದೊಂದು ತಿರುವನ್ನು ಕೈಬಿಟ್ಟು ನೇರ ದಾರಿ ಹಿಡಿಯುತ್ತದೆ. ಕೈಬಿಟ್ಟ ತಿರುವು ಕೆರೆಯಾಗಿ ಉಳಿಯುತ್ತದೆ. ಅದಕ್ಕೆ ಅಲ್ಲಿಯವರು ದನಾವ್ ಎನ್ನುತ್ತಾರೆ. ನೆರೆ ಬಂದಾಗ ನದಿ, ಕೆರೆ, ಕಾಡು ಎಲ್ಲ ಒಂದೇ ನೀರು. ಮನೆಗಳು ಕಂಬ ಹತ್ತಿ ಕೂತಿರುವುದು ಫೋಟೋಕ್ಕೆ ಚೆಂದ ಕಾಣಲೆಂದಲ್ಲ.

ಈ ಬಯಲಿನ ಚರಿತ್ರೆಯಲ್ಲಿ ಕನ್ಯಾವನಕ್ಕೆ ಜಾಗ ಹುಡುಕುವುದು ಕಷ್ಟ. 1881ರಲ್ಲಿ ಸನ್ನದು ಪಡೆದ ಬ್ರಿಟಿಷ್ ಕಂಪನಿ ಉತ್ತರ ಬೋರ್ನಿಯೊವನ್ನು ಆಳುತ್ತಿದ್ದಾಗಲೇ ಹೊಗೆಸೊಪ್ಪಿನ ತೋಟಗಳಿಗಾಗಿ ಇಲ್ಲಿ ಕಾಡು ಬಿದ್ದಿತ್ತು. ಎರಡನೇ ಮಹಾಯುದ್ಧದ ನಂತರ ಯಂತ್ರಗಳು ಬಂದವು. 1950ರ ದಶಕದಿಂದ ಮೂರು ದಶಕಗಳ ಕಾಲ ಇಲ್ಲಿನ ದಿಮ್ಮಿಗಳು ಹೊರದೇಶಗಳಿಗೆ ಹೋದವು. ಬೆಲೆಬಾಳುವ ಮರ ಮುಗಿದ ಮೇಲೆ ಕೋಕೋ, ಕೋಕೋ ಕೈಕೊಟ್ಟ ಮೇಲೆ ಎಣ್ಣೆತಾಳೆ. ಇಂದು ಆ ಬಯಲನ್ನು ವಿಮಾನದ ಕಿಟಕಿಯಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರ ಸಾಲು ಹಿಡಿದು ನೆಟ್ಟ ತಾಳೆ. ನಡುವೆ ನದಿಯ ಎರಡು ಮಗ್ಗುಲಿಗೆ, ಸೀರೆಗೆ ಅಂಚು ಇದ್ದ ಹಾಗೆ, ಕಾಡಿನ ಒಂದು ಪಟ್ಟಿ. ಕೆಲವೆಡೆ ಅಂಚೂ ಹರಿದಿದೆ. ತಾಳೆ ನೇರ ದಂಡೆಗೇ ಬಂದು ನಿಂತಿದೆ. ನದಿಯ ಪಕ್ಕ 20 ಮೀಟರ್ ಬಿಡಬೇಕೆಂದು ಸಬಾದ 1998ರ ಜಲಸಂಪತ್ತಿನ ಕಾಯ್ದೆ ಹೇಳುತ್ತದೆ, ಆದರೆ ಅಷ್ಟರಲ್ಲಿ ಬಹಳಷ್ಟು ತೋಟ ಎದ್ದಾಗಿತ್ತು. 2005ರಲ್ಲಿ ಘೋಷಿಸಿದ ಕೆಳ ಕಿನಬಾತಂಗನ್ ವನ್ಯಧಾಮದ ವಿಸ್ತೀರ್ಣ ಸುಮಾರು 26,000 ಹೆಕ್ಟೇರ್. ನಮ್ಮ ನಾಗರಹೊಳೆಯ ಅರ್ಧವೂ ಇಲ್ಲ. ಅದೂ ಹತ್ತು ತುಂಡು.

ದೋಣಿಯಲ್ಲಿ ಕೂತವನಿಗೆ ಅಂಚು ಮಾತ್ರ ಕಾಣುತ್ತದೆ. ನೀರಿನ ಮಟ್ಟದಿಂದ ನೋಡುವ ಕಣ್ಣಿಗೆ ಮೊದಲ ಸಾಲಿನ ಮರಗಳಾಚೆ ಏನೂ ತೋರದು. ನಾಟಕದ ಪರದೆಯ ಮೇಲೆ ಬರೆದ ಅರಣ್ಯದ ಹಿಂದೆ ಇನ್ನೂ ಅರಣ್ಯವಿದೆ ಎಂದು ನಂಬುವ ಮಗುವಿನ ಹಾಗೆ ನಾವು ಕೂತಿರುತ್ತೇವೆ. ಮಗುವಿನ ನಂಬಿಕೆಯಲ್ಲಿ ತಪ್ಪಿಲ್ಲ. ಮಗು ಮರುದಿನ ಪುರವಣಿಗೆ ಲೇಖನ ಬರೆಯುವುದಿಲ್ಲ.

ಇನ್ನು ತುಂಬಿ ತುಳುಕುವ ಪ್ರಾಣಿಗಳು. ದಸರೆಯ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಾಗಿಲಿಗೆ ಜೋತುಬಿದ್ದ ಜನರನ್ನು ಕಂಡು 'ಎಷ್ಟೊಂದು ಬಸ್ಸುಗಳಿವೆ ನೋಡಿ' ಎನ್ನುವವರನ್ನು ನಾನು ಕಂಡಿಲ್ಲ. ಕಾಡಿನ ವಿಷಯಕ್ಕೆ ಬಂದರೆ ಇಂಥ ತರ್ಕವೇ ಸಲೀಸಾಗಿ ಓಡುತ್ತದೆ. ಕಿನಬಾತಂಗನ್ನಿನ ಆನೆಗಳು ಪದೇ ಪದೇ ದಂಡೆಗೆ ಬರುವುದು ಬೇರೆಡೆ ಹೋಗಲು ದಾರಿ ಇಲ್ಲದ್ದರಿಂದ. ಪಟ್ಟಿಯ ಆಚೆ ತೋಟದ ವಿದ್ಯುತ್ ಬೇಲಿ, ಕಾಲುವೆ, ಈಚೆ ನೀರು. ಆ ಪಟ್ಟಿಯ ಮೇಲೇ ಅವು ಮೇಲಕ್ಕೂ ಕೆಳಕ್ಕೂ ಹೊರಳಾಡಬೇಕು, ಹಳ್ಳಿ ಅಡ್ಡ ಬಂದರೆ ಈಜಿ ಆಚೆ ದಂಡೆ ಹತ್ತಬೇಕು. ಆನೆ ನೋಡಲೆಂದು ದಂಡೆಯಲ್ಲೇ ಎಬ್ಬಿಸಿದ ಲಾಡ್ಜುಗಳೂ ಆ ದಾರಿಗೆ ಅಡ್ಡ ಕೂತಿವೆ. ಇದನ್ನು ಯಾವ ಜಾಹೀರಾತಿನಲ್ಲೂ ಓದಲು ಸಿಗುವುದಿಲ್ಲ. ಬೋರ್ನಿಯೊ ಆನೆಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದು 2024ರಲ್ಲಿ. ಇಡೀ ದ್ವೀಪದಲ್ಲಿ ಉಳಿದಿರುವುದು ಸುಮಾರು ಒಂದು ಸಾವಿರ ಎಂಬುದು ಆಗಿನ ಅಂದಾಜು.

ಉದ್ದಮೂಗಿನ ಕೋತಿಯ ಕತೆ ಇನ್ನೂ ಸ್ವಾರಸ್ಯದ್ದು. ಬೋರ್ನಿಯೊ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಪ್ರಾಣಿಯನ್ನು ಮಲಯ್ ಮಾತಾಡುವವರು ಡಚ್ಚರ ಕೋತಿ ಎಂದು ಕರೆದರು. ಕೆಂಪು ಮುಖ, ಭಾರೀ ಮೂಗು, ಡೊಳ್ಳು ಹೊಟ್ಟೆ ಕಂಡು ಸಾಹೇಬರು ನೆನಪಾಗಿರಬೇಕು. ಅದು ಹಗಲೆಲ್ಲ ಒಳಗಿನ ಕಾಡಿನಲ್ಲಿ ಎಲೆ, ಕಾಯಿ ತಿಂದು ಸಂಜೆ ಮಲಗಲು ನೀರಂಚಿನ ಮರಕ್ಕೆ ಬರುತ್ತದೆ. ಅದರ ಹೊಟ್ಟೆ ದನದ ಹೊಟ್ಟೆಯಂತೆ ಕೋಣೆಕೋಣೆಯದ್ದು. ಸುಕಾವ್ ಬಳಿಯ ಮೆನಂಗುಲ್ ಎಂಬ ಕಿರುನದಿಯಲ್ಲಿ ವರ್ಷಗಟ್ಟಲೆ ಕೂತು ನೋಡಿದ ಜಪಾನಿ ಸಂಶೋಧಕ ಮತ್ಸುದಾ ಮತ್ತು ಸಂಗಡಿಗರು ಈ ಕೋತಿ ಮೆಲುಕು ಹಾಕುವುದನ್ನೂ 2011ರಲ್ಲಿ ವರದಿ ಮಾಡಿದರು. ಪ್ರವಾಸಿ ದೋಣಿಗಳು ನಾಲ್ಕು ಗಂಟೆಗೆ ಹೊರಡುವುದು ಇವು ಮಲಗಲು ಬರುವ ಹೊತ್ತಿಗೆ ಸರಿಯಾಗಿ. ಒಂದು ಗಂಟೆಯಲ್ಲಿ ಐದಾರು ಹಿಂಡು ಕಂಡು 'ಎಲ್ಲೆಲ್ಲೂ ಕೋತಿ' ಎಂದುಕೊಳ್ಳುತ್ತೇವೆ. ರಾತ್ರಿ ಎಂಟಕ್ಕೆ ಹಾಸ್ಟೆಲ್ಲಿನ ಊಟದ ಮನೆಗೆ ನುಗ್ಗಿ ಊರಿನ ಜನಸಂಖ್ಯೆ ಬರೆದುಕೊಂಡ ಹಾಗೆ.

ಎಲ್ಲಕ್ಕಿಂತ ಮೋಸ ಮಾಡುವುದು ಒರಾಂಗುಟಾನ್. ಅದು ದೀರ್ಘಾಯುಷಿ. ಹೆಣ್ಣು ಆರೇಳು ವರ್ಷಕ್ಕೊಂದು ಮರಿ ಹಾಕುತ್ತದೆ, ನಾಲ್ಕೈದು ದಶಕ ಬಾಳುತ್ತದೆ. ಹಾಗಾಗಿ ಇಂದು ದಂಡೆಯ ಮರದಲ್ಲಿ ಕಾಣುವ ಮುದಿ ತಾಯಿ, ಪಟ್ಟಿಯ ಹಿಂದೆ ಇನ್ನೂ ಕಾಡಿದ್ದ ಕಾಲದಲ್ಲಿ ಹುಟ್ಟಿದ್ದಿರಬಹುದು. ಕಾಡು ಹೋದ ಲೆಕ್ಕ ಪ್ರಾಣಿಗಳ ಸಂಖ್ಯೆಯಲ್ಲಿ ಕಾಣಿಸಿಕೊಳ್ಳಲು ತಲೆಮಾರು ಬೇಕು. ಅಲ್ಲಿಯವರೆಗೆ ಹಳೆಯ ಠೇವಣಿಯನ್ನು ತಿನ್ನುತ್ತ ಕೂತ ಮನೆಯಂತೆ ಎಲ್ಲ ಸುಸೂತ್ರವಾಗಿಯೇ ಕಾಣುತ್ತದೆ. ಈ ಶತಮಾನದ ಆರಂಭದ ಎಣಿಕೆಯಲ್ಲಿ ಕೆಳ ಕಿನಬಾತಂಗನ್‌ನಲ್ಲಿ ಸುಮಾರು 1,100 ಒರಾಂಗುಟಾನ್‌ಗಳಿದ್ದವು. ಅವುಗಳ ವಂಶವಾಹಿ ಪರೀಕ್ಷಿಸಿದ ಬೆನ್ವಾ ಗೂಸೆನ್ಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು ಆತಂಕದ ಸುದ್ದಿ: ಈ ಸಂಖ್ಯೆ ಹಿಂದಿನದರ ಚೂರು ಮಾತ್ರ, ಕುಸಿತ ಇತ್ತೀಚಿನದು, ಕೈವಾಡ ಮನುಷ್ಯನದು. ಖಡ್ಗಮೃಗದ ಠೇವಣಿಯಂತೂ ತೀರಿಯೇ ಹೋಯಿತು. ಸಬಾದಲ್ಲಿ ಸೆರೆಯಲ್ಲಿಟ್ಟು ಸಾಕುತ್ತಿದ್ದ ಕೊನೆಯ ಸುಮಾತ್ರ ಖಡ್ಗಮೃಗಗಳಲ್ಲಿ ಗಂಡು ಟಾಮ್ 2019ರ ಮೇ ತಿಂಗಳಲ್ಲಿ, ಹೆಣ್ಣು ಇಮಾನ್ ಅದೇ ನವೆಂಬರಿನಲ್ಲಿ ಸತ್ತವು. ಮಲೇಷ್ಯಾದಲ್ಲಿ ಆ ಪ್ರಾಣಿ ಈಗ ಇಲ್ಲ. ದೋಣಿಯಿಂದ ತೆಗೆದ ಆರುನೂರು ಫೋಟೋದಲ್ಲಿ ಇಲ್ಲದ್ದರ ಫೋಟೋ ಹೇಗೆ ಬರಬೇಕು?

ಇದು ಬೋರ್ನಿಯೊಗೆ ಹೋದವರ ಭ್ರಮೆ ಮಾತ್ರವೆಂದು ನಾವು ಹಗುರಾಗಬೇಕಿಲ್ಲ. ಬೇಸಗೆಯಲ್ಲಿ ಕಬಿನಿ ಹಿನ್ನೀರಿನ ದೋಣಿ ಹತ್ತಿ ನೂರಾರು ಆನೆ ಕಂಡು ಬಂದವರು ನಮ್ಮಲ್ಲಿ ಮನೆಗೊಬ್ಬರು. ಆ ಹುಲ್ಲು ಬೆಳೆದಿರುವುದು ಅಣೆಕಟ್ಟೆಯ ನೀರು ಇಳಿದಾಗ ಬಯಲಾಗುವ ನೆಲದಲ್ಲಿ. 1974ರಲ್ಲಿ ಮುಗಿದ ಆ ಅಣೆಕಟ್ಟೆ ಕಾಡನ್ನೂ ಹಳ್ಳಿಯನ್ನೂ ಮುಳುಗಿಸಿತು, ನಂತರ ಜೇನುಕುರುಬರ ಹಾಡಿಗಳನ್ನು ಕಾಡಿನಿಂದ ಎಬ್ಬಿಸಿದ್ದೂ ಆಯಿತು. ಆನೆ ಬಂದದ್ದು ಸಂತೋಷ. ಆದರೆ ಅದನ್ನು 'ಮನುಷ್ಯ ಮುಟ್ಟದ ನಾಗರಹೊಳೆ' ಎಂದು ಬರೆಯುವವರು ತಾವು ಕೂತ ದೋಣಿ ಯಾವ ನೀರಿನ ಮೇಲಿದೆ ಎಂದಾದರೂ ಬಗ್ಗಿ ನೋಡಬೇಕು.

ಈಗ ಮಡಿಯ ಮಾತಿಗೆ ಬರುತ್ತೇನೆ. ತೋಟದ ಕಂಪನಿಗಳು ಕಿನಬಾತಂಗನ್ ಬಯಲನ್ನು ಕೇಳಿ ಪಡೆದದ್ದು ಏನೆಂದು ಹೇಳಿ? ಕಾಡು ಕಡಿಯುತ್ತೇವೆಂದು ಯಾರೂ ಅರ್ಜಿ ಹಾಕುವುದಿಲ್ಲ. ದಿಮ್ಮಿ ಎತ್ತಿ ಮುಗಿದ ನೆಲ 'ಕೆಟ್ಟ ಕಾಡು' ಎನಿಸಿಕೊಂಡಿತು. ಕೆಟ್ಟದ್ದನ್ನು ಕೃಷಿಗೆ ಕೊಟ್ಟರೆ ನಷ್ಟವೇನು? ಅಸಲಿ ಕಾಡು ಬೇರೆಲ್ಲೋ ಇದೆಯಲ್ಲ, ಮುಟ್ಟದ್ದು, ಮಡಿಯಲ್ಲಿರುವುದು. ಹೀಗೆ ಕನ್ಯಾವನವನ್ನು ಹಾಡಿ ಹೊಗಳುವ ಪ್ರೇಮಿಯೂ ನೆಲದ ನಕ್ಷೆ ಹಿಡಿದು ಬಂದ ತೋಟದ ಮಾಲೀಕನೂ ಒಂದೇ ವ್ಯಾಕರಣ ಮಾತಾಡಿದರು. ಮೈಲಿಗೆಯಾದದ್ದಕ್ಕೆ ಬೆಲೆಯಿಲ್ಲ ಎಂದು ಒಬ್ಬ ಕವಿತೆಯಲ್ಲಿ ಹೇಳಿದ, ಇನ್ನೊಬ್ಬ ಅರ್ಜಿಯಲ್ಲಿ ಬರೆದ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೆ. ಇಲ್ಲಿ ಕೊಡಲಿಯ ಕಬ್ಬಿಣ ಕಂಪನಿಯದು; ಕಾವು ಮಾತ್ರ ಕಾಡಿನ ಕಡೆಯವರು ಕೊಟ್ಟದ್ದು.

ಆ 'ಕೆಟ್ಟ ಕಾಡಿ'ನಲ್ಲಿ ನಿಜಕ್ಕೂ ಏನಿತ್ತು ಎಂಬುದು ಸಂಶೋಧಕ ದಂಪತಿ ಮಾರ್ಕ್ ಆಂಕ್ರೆನಾ ಮತ್ತು ಇಸಬೆಲ್ ಲಾಕ್ಮನ್ 1998ರಲ್ಲಿ ಸುಕಾವ್‌ನಲ್ಲಿ ಒರಾಂಗುಟಾನ್ ಅಧ್ಯಯನ ಆರಂಭಿಸಿದ ಮೇಲೆ ಹೊರಬಂತು. ಒರಾಂಗುಟಾನ್‌ಗೆ ಹಳೆಯ, ಕಡಿಯದ ಕಾಡೇ ಬೇಕು, ದಿಮ್ಮಿ ಎತ್ತಿದ ಜಾಗದಲ್ಲಿ ಅದು ಬಾಳದು ಎಂಬುದು ಆಗ ಪಂಡಿತರ ಮಾತಾಗಿತ್ತು. ಸುಕಾವ್ ಹಳ್ಳಿಯ ಹುಡುಗರ ಜೊತೆಗೂಡಿ ಈ ದಂಪತಿ ದಿನವಿಡೀ ಒಂದೊಂದೇ ಪ್ರಾಣಿಯ ಹಿಂದೆ ನಡೆದು ಕಂಡದ್ದು ಬೇರೆ. ಮರ ಕಡಿದು ಬಿಟ್ಟ, ಬಳ್ಳಿ ಹಬ್ಬಿದ, ಹರುಕುಮುರುಕು ಕಾಡಿನಲ್ಲೂ ಅವು ಗೂಡು ಕಟ್ಟುತ್ತವೆ, ಮರಿ ಸಾಕುತ್ತವೆ, ತಿನ್ನುವುದನ್ನು ಬದಲಿಸಿಕೊಳ್ಳುತ್ತವೆ. ಅಂದರೆ ಸರ್ಕಾರದ ಕಾಗದದಲ್ಲಿ ಕೆಲಸಕ್ಕೆ ಬಾರದ್ದೆಂದು ಬರೆದಿದ್ದ ನೆಲವೇ ಅವುಗಳ ಮನೆ. ಹೀಗೆ ತಿಳಿಯುವ ಹೊತ್ತಿಗೆ ಆ ನೆಲದ ಬಹುಪಾಲು ತಾಳೆಯಾಗಿ ಎದ್ದಿತ್ತು.

ತಾಳೆಯ ಓಟ ಅಂಥದು. ಪಶ್ಚಿಮ ಆಫ್ರಿಕಾದ ಈ ಮರದ ನಾಲ್ಕು ಸಸಿಗಳನ್ನು 1848ರಲ್ಲಿ ಜಾವಾದ ಬೊಗೊರ್ ಸಸ್ಯೋದ್ಯಾನದಲ್ಲಿ ನೆಟ್ಟರು. 1917ರಲ್ಲಿ ಮಲಯಾದಲ್ಲಿ ಮೊದಲ ವ್ಯಾಪಾರಿ ತೋಟ. ಬಹುಕಾಲ ಹೂವಿಗೆ ಪರಾಗ ಮುಟ್ಟಿಸಲು ಕೂಲಿಯವರು ಮರಮರಕ್ಕೂ ಓಡಾಡಬೇಕಿತ್ತು, ಏಕೆಂದರೆ ಅದರ ಸೊಂಡಿಲುಹುಳು ಆಫ್ರಿಕಾದಲ್ಲೇ ಉಳಿದಿತ್ತು. 1981ರಲ್ಲಿ ಕ್ಯಾಮರೂನಿನಿಂದ ಆ ಹುಳುವನ್ನೇ ತಂದು ಬಿಟ್ಟರು. ಕೂಲಿಯ ಖರ್ಚು ಉಳಿಯಿತು, ಇಳುವರಿ ಏರಿತು, ಸಬಾದ ಬಯಲುಗಳ ಕಡೆ ಕಣ್ಣು ತಿರುಗಿತು. ಅಕ್ಕಿಕಾಳಿಗಿಂತ ಚಿಕ್ಕ ಹುಳು ಒಂದು ಭೂಪಟ ಬದಲಿಸಿದ ಈ ಕತೆಯನ್ನು ದೋಣಿಯ ಗೈಡುಗಳು ಹೇಳುವುದಿಲ್ಲ, ಕೇಳುವವರೂ ಇಲ್ಲ.

ಇನ್ನು ದಂಡೆಯ ಹಳ್ಳಿ. ಮಲಯ್ ಭಾಷೆಯಲ್ಲಿ ಒರಾಂಗ್ ಎಂದರೆ ಮನುಷ್ಯ. ಕಾಡಿನ ಮನುಷ್ಯ ಒರಾಂಗ್ ಹುತಾನ್. ನದಿಯ ಮನುಷ್ಯ ಒರಾಂಗ್ ಸುಂಗಾಯ್, ಕಿನಬಾತಂಗನ್ ದಂಡೆಯ ಜನ. ಆ ನುಡಿ ಇಬ್ಬರಿಗೂ ಒಂದೇ ಪದ ಕೊಟ್ಟಿದೆ. ನಮ್ಮ ಪ್ರವಾಸ ಬರಹಗಳಲ್ಲಿ ಕಾಡಿನ ಒರಾಂಗ್‌ಗೆ ಹೆಸರಿರುತ್ತದೆ, ಮುಖಭಾವವಿರುತ್ತದೆ, ತಾಯ್ತನದ ವರ್ಣನೆಯಿರುತ್ತದೆ. ನದಿಯ ಒರಾಂಗ್ ಕೈಬೀಸಿ ಮರೆಯಾಗುತ್ತಾನೆ. ಹೆಚ್ಚೆಂದರೆ 'ಮುಗ್ಧ ನಗೆ'. ಮುಗ್ಧ ಎಂಬ ಪದವನ್ನು ಒಂದು ವರ್ಷ ಯಾರೂ ಬಳಸಬಾರದೆಂದು ಕಾನೂನು ಬಂದರೆ ನಮ್ಮ ಅರ್ಧ ಪ್ರವಾಸ ಸಾಹಿತ್ಯ ಬಾಗಿಲು ಹಾಕಬೇಕಾದೀತು.

ಕಾಲ ನಿಂತ ಹಳ್ಳಿಯಂತೆ! ಬಾತು ಪುತೆಯ ಹತ್ತಿರದ ಸುಣ್ಣಕಲ್ಲಿನ ಗುಡ್ಡ ಅಗೊಪ್ ಬಾತು ತುಲುಗ್‌ನ ಗುಹೆಗಳಲ್ಲಿ ನೂರಕ್ಕೂ ಹೆಚ್ಚು ಮರದ ಶವಪೆಟ್ಟಿಗೆಗಳಿವೆ, ಕಬ್ಬಿಣದಷ್ಟು ಗಟ್ಟಿಯಾದ ಬೆಲಿಯಾನ್ ಮರದವು, ಕೆಲವಕ್ಕೆ ಎಮ್ಮೆತಲೆಯ ಕೆತ್ತನೆ, ಹಲವು ಶತಮಾನ ಹಳೆಯವು. ಈ ನದಿ ಕಾಡಿನ ಬಾಗಿಲಿಗೆ ಹೆದ್ದಾರಿಯಾಗಿತ್ತು. ಬೆತ್ತ, ಜೇನುಮೇಣ, ಗೊಮಾಂತೋಂಗ್ ಗುಹೆಗಳ ತಿನ್ನುವ ಹಕ್ಕಿಗೂಡು ಇದರ ಮೇಲೆ ಇಳಿದು ಚೀನಾದ ಹಡಗು ಹತ್ತುತ್ತಿದ್ದವು. ಗೊಮಾಂತೋಂಗ್‌ನಲ್ಲಿ ಇಂದಿಗೂ ಬೆತ್ತದ ಏಣಿ ಹಾಕಿ ಗೂಡು ಕೀಳುತ್ತಾರೆ. ಬೋರ್ನಿಯೊ, ಸುಮಾತ್ರಗಳ ಕಾಡಿನ ಇನ್ನೊಂದು ಸರಕು ನಮ್ಮ ದೇವರ ಮನೆಗೇ ಬಂದಿದೆ: ಪಚ್ಚಕರ್ಪೂರ. ಅದು ಮೂಲದಲ್ಲಿ ಆ ದ್ವೀಪಗಳ ಒಂದು ದೈತ್ಯ ಮರದ ಕಾಂಡವನ್ನು ಸೀಳಿ ತೆಗೆದದ್ದು. ನಮ್ಮ ಅಜ್ಜಿಯರು ಮಡಿಯುಟ್ಟು ತೀರ್ಥಕ್ಕೆ ಹಾಕಿದ ಕರ್ಪೂರವೇ ಯಾರೋ ಕಾಡು ಹೊಕ್ಕು ಮರ ತಟ್ಟಿ ನೋಡಿ ತಂದದ್ದೆಂದ ಮೇಲೆ, ಮುಟ್ಟದ ಕಾಡು ಎಂಬ ಮಾತಿಗೆ ಎಲ್ಲಿಂದ ಬಂತು ಬಲ?

ಬಂದದ್ದು ಸಿನಿಮಾದಿಂದ ಎನ್ನಬಹುದು. ಅಮೆರಿಕದ ಮಾರ್ಟಿನ್ ಮತ್ತು ಓಸಾ ಜಾನ್ಸನ್ ದಂಪತಿ 1935–36ರಲ್ಲಿ ನೀರಿನ ಮೇಲೂ ಇಳಿಯಬಲ್ಲ ವಿಮಾನ ತಂದು, ಇದೇ ಅಬಾಯ್‌ನಲ್ಲಿ ಬೀಡುಬಿಟ್ಟು, 'ಬೋರ್ನಿಯೊ' ಎಂಬ ಚಿತ್ರ ತೆಗೆದರು. 1937ರಲ್ಲಿ ಅದು ತೆರೆಗೆ ಬಂತು. ಶಿಬಿರ ಕಟ್ಟಿದ್ದು, ದೋಣಿ ನಡೆಸಿದ್ದು, ಪ್ರಾಣಿ ಹಿಡಿದು ಕೊಟ್ಟದ್ದು ಸ್ಥಳೀಯರು. ಪರದೆಯ ಮೇಲೆ ಮಾತ್ರ ಸಾಹಸಿಗಳು ಇಬ್ಬರೇ, ಸುತ್ತ ಕಾಡು, ಮತ್ತು ನಗಿಸಲು ಕೆಲವು ಕಾಡುಜನ. ನನ್ನ ಗೆಳೆಯನ ಮೊಬೈಲಿನ ಚೌಕಟ್ಟು ಸುಮಾರು ತೊಂಬತ್ತು ವರ್ಷ ಹಳೆಯದು ಎಂದು ಅವನಿಗೆ ಗೊತ್ತಿರಲಿಲ್ಲ.

ಅದೇ ದಂಡೆಯ ಜನ ಈಗ ಏನು ಮಾಡುತ್ತಿದ್ದಾರೆ ನೋಡಿ. 1997–98ರ ಎಲ್ ನಿನ್ಯೊ ಬರದಲ್ಲಿ ಬೋರ್ನಿಯೊದ ಕಾಡುಗಳು ಹೊತ್ತಿ ಉರಿದ ಕಾಲಕ್ಕೆ ಬಾತು ಪುತೆ ಸುತ್ತಿನ ಹಳ್ಳಿಗಳು ಒಂದು ಯೋಜನೆಗೆ ಕೈಹಾಕಿದ್ದವು. ಸುಟ್ಟ ನೆಲದಲ್ಲಿ ಗಿಡ ನೆಡುವುದು ಆರಂಭವಾಯಿತು. 2000ದ ಹೊತ್ತಿಗೆ ಮನೆಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ. 2003ರಲ್ಲಿ ಅದೆಲ್ಲ ಸೇರಿ ಕೋಪೆಲ್ ಎಂಬ ಸಹಕಾರ ಸಂಘ. ದಕ್ಷಿಣ ಅಮೆರಿಕದಿಂದ ಬಂದ ಸಾಲ್ವಿನಿಯಾ ಎಂಬ ತೇಲುವ ಜಲಕಳೆ ತುಂಗೊಗ್ ಕೆರೆಯನ್ನು ಚಾಪೆಯಂತೆ ಮುಚ್ಚಿದಾಗ ಹಳ್ಳಿಯವರೇ ದೋಣಿ ಇಳಿಸಿ ಕೈಯಿಂದ ಎತ್ತಿ ಹಾಕಿದರು. ಸ್ವಲ್ಪ ಬಿಟ್ಟರೆ ಮತ್ತೆ ಹರಡುವ ಕಳೆ ಅದು; ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಸುಕಾವ್‌ನಲ್ಲಿ ಇನ್ನೊಂದು ಗುಂಪು ಕಿರುನದಿಗಳ ಮೇಲೆ ಹಗ್ಗದ ಸೇತುವೆ ಕಟ್ಟಿತು. ಒರಾಂಗುಟಾನ್ ಈಜುವುದಿಲ್ಲ; ಎರಡೂ ದಂಡೆಯಿಂದ ಕೊಂಬೆ ಚಾಚಿ ಕೈಕುಲುಕುತ್ತಿದ್ದ ಹೆಮ್ಮರಗಳು ದಿಮ್ಮಿಯಾಗಿ ಹೋದಮೇಲೆ ಅದಕ್ಕೆ ದಾರಿ ಕಡಿದುಹೋಗಿತ್ತು. ಸೇತುವೆ ಕಟ್ಟಿ ವರ್ಷಗಳೇ ಕಾದಮೇಲೆ ಅದು ಹಗ್ಗದ ಮೇಲೆ ದಾಟುವ ಫೋಟೋ ಸಿಕ್ಕಿತು. ಮುಟ್ಟದೆ ಬಿಟ್ಟಿದ್ದರೆ ಅದು ಈಚೆಯೇ ಉಳಿಯುತ್ತಿತ್ತು.

ಸೇತುವೆ ಎಂದಾಗ ಇನ್ನೊಂದು ಸೇತುವೆಯ ನೆನಪಾಗುತ್ತದೆ, ಅದನ್ನು ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕತೆಯಾದೀತು. ಸುಕಾವ್‌ನಲ್ಲಿ ನದಿಗೆ ಮೋಟಾರು ರಸ್ತೆಯ ಸೇತುವೆ ಕಟ್ಟುವ ಯೋಜನೆ ಇತ್ತು. ಆನೆಯ ಪಟ್ಟಿ ಇನ್ನೊಮ್ಮೆ ತುಂಡಾಗುತ್ತದೆ ಎಂದು ಪ್ರಾಣಿಶಾಸ್ತ್ರಜ್ಞರು ಕೂಗಿದರು, ಡೇವಿಡ್ ಅಟೆನ್‌ಬರೊ ಕೂಡ ದನಿಗೂಡಿಸಿದರು, 2017ರ ಏಪ್ರಿಲ್‌ನಲ್ಲಿ ಸಬಾ ಸರ್ಕಾರ ಯೋಜನೆ ಕೈಬಿಟ್ಟಿತು. ಆನೆಯ ಮಟ್ಟಿಗೆ ಇದು ಸರಿ ಎಂದೇ ನನ್ನ ಎಣಿಕೆ. ಆದರೆ ಆ ನಿರ್ಧಾರವನ್ನು ಅರಣ್ಯದ ಮುಖ್ಯಾಧಿಕಾರಿ ಸಾರಿದ್ದು ಲಂಡನ್ನಿನ ರಾಯಲ್ ಸೊಸೈಟಿಯ ಔತಣಕೂಟದಲ್ಲಿ. ಆಸ್ಪತ್ರೆಗೂ ಶಾಲೆಗೂ ದೋಣಿ ಕಾಯುವ ದಂಡೆಯವನಿಗೆ ಸೇತುವೆ ಇಲ್ಲವೆಂಬ ಸುದ್ದಿ ಹತ್ತು ಸಾವಿರ ಕಿಲೋಮೀಟರ್ ಆಚೆಯ ಊಟದ ಮೇಜಿನಿಂದ ಬರಬೇಕೆ? ಸುತ್ತಲಿನ ಬಯಲನ್ನು ತೋಟಕ್ಕೆ ಕೊಡುವಾಗ ಯಾರೂ ಇಷ್ಟು ದೊಡ್ಡ ಔತಣ ಏರ್ಪಡಿಸಿದಂತಿಲ್ಲ.

ನನ್ನ ವಾದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. 'ಹಾಗಾದರೆ ಮುಟ್ಟುವುದೆಲ್ಲ ಸರಿಯೇ? ಮೈಲಿಗೆ ಇಲ್ಲ ಎಂದುಬಿಟ್ಟರೆ ನಾಳೆ ಉಳಿದ ಹಳೆಯ ಕಾಡಿಗೂ ಗರಗಸ ಇಡುವುದಿಲ್ಲವೇ?' ಇದು ಕುಂಟು ಆಕ್ಷೇಪವಲ್ಲ. ಸಬಾದ ದನುಮ್ ಕಣಿವೆಯಂಥ ಕಡಿಯದ ಕಾಡು ಇನ್ನೂ ಇದೆ. ಅದಕ್ಕೆ ಯಾವುದೂ ಸಾಟಿಯಲ್ಲ. ಅಂಥದನ್ನು ಮುಟ್ಟಬಾರದು, ಸರಿ. ಆದರೆ ಬೆತ್ತ ಕೊಯ್ಯುವವನ ಕತ್ತಿಗೂ ಬುಲ್ಡೋಜರಿಗೂ ಒಂದೇ ಹೆಸರಿಟ್ಟರೆ ನಾವು ನಿಲ್ಲಿಸಬೇಕಾದ್ದನ್ನು ಗುರುತಿಸುವ ಕಣ್ಣನ್ನೇ ಕಳೆದುಕೊಳ್ಳುತ್ತೇವೆ. ಮಡಿಯ ದೋಷ ಅದೇ: ಅದಕ್ಕೆ ಪ್ರಮಾಣ ತಿಳಿಯದು. ತೊಟ್ಟು ಬಿದ್ದರೂ ಮೈಲಿಗೆ, ಕೊಡ ಬಿದ್ದರೂ ಮೈಲಿಗೆ. 'ಪ್ರವಾಸಿಗರ ದುಡ್ಡಿನಿಂದಲೇ ತಾನೆ ಕಾಡು ಉಳಿದಿರುವುದು' ಎಂಬ ಇನ್ನೊಂದು ಮಾತಿಗೆ ನನ್ನ ಬಳಿ ಉದ್ದ ಉತ್ತರವಿಲ್ಲ. ಅರ್ಧ ನಿಜ. ದುಡ್ಡು ಯಾವ ಮನೆಯ ಮೆಟ್ಟಿಲು ಹತ್ತಿತು ಎಂದು ಕೇಳಿದರೆ ಉಳಿದರ್ಧ ಗೊತ್ತಾಗುತ್ತದೆ.

ಮಿಕ್ಸ್ಚರ್ ಎಂದೆನಲ್ಲ, ಆ ಪೊಟ್ಟಣದ ಹಿಂಬದಿ ಓದಿದರೆ ಪಾಮೋಲಿನ್ ಎಂದಿತ್ತು. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಕೊಳ್ಳುವ ದೇಶ ನಮ್ಮದು. ಇಂಡೋನೇಷ್ಯಾ, ಮಲೇಷ್ಯಾಗಳಿಂದ ಬಂದ ಎಣ್ಣೆಯ ಒಂದು ಪಾಲು ಮಂಗಳೂರು ಬಂದರಿನಲ್ಲೇ ಇಳಿಯುತ್ತದೆ. ಪಡಿತರದ ಪಾಮಾಯಿಲ್ ನೆನಪು ಯಾರಿಗಿಲ್ಲ? ಹಾಗೆಂದು ಬೇಕರಿ ತಿಂಡಿಗೆ ಬಹಿಷ್ಕಾರ ಹಾಕಿ ಕೈತೊಳೆದುಕೊಳ್ಳಿ ಎನ್ನಲಾರೆ. ಅದೂ ಇನ್ನೊಂದು ಮಡಿ. ಒಂದು ಹೆಕ್ಟೇರಿನಲ್ಲಿ ತಾಳೆ ಕೊಡುವಷ್ಟು ಎಣ್ಣೆ ಸೋಯಾದಿಂದ ತೆಗೆಯಬೇಕಾದರೆ ಹಲವು ಪಟ್ಟು ನೆಲ ಬೇಕು, ಆ ನೆಲವೂ ಯಾವುದೋ ಕಾಡಿನದೇ ಆದೀತು. ನಾವು ಕಣ್ಣಿಡಬೇಕಾದ್ದು ಮುಂದಿನ ತಾಳೆ ಎಲ್ಲಿ ಏಳುತ್ತದೆ ಎಂಬುದರ ಮೇಲೆ. 2021ರಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ಎಣ್ಣೆತಾಳೆ ಯೋಜನೆ ಘೋಷಿಸಿತು. ಅದರ ವಿಶೇಷ ಒತ್ತು ಈಶಾನ್ಯ ರಾಜ್ಯಗಳು ಮತ್ತು ಅಂಡಮಾನಿನ ಮೇಲೆ. ಈಶಾನ್ಯದ ಬೆಟ್ಟಗಳಲ್ಲಿ ಜೂಮ್ ಬೇಸಾಯ ಮಾಡಿ ಬೀಳುಬಿಟ್ಟ ನೆಲವನ್ನು ಕಡತಗಳು ಏನೆನ್ನುತ್ತವೆ ಬಲ್ಲಿರಾ? ಪಾಳು, ಕೆಟ್ಟದ್ದು. ಕಿನಬಾತಂಗನ್‌ನ ಪದವೇ ಭಾಷಾಂತರವಾಗಿ ಬಂದು ಕೂತಿದೆ.

ಮಿಜೋರಾಂನ ಡಂಪಾ ಅರಣ್ಯದ ಸುತ್ತ ಜಯದೇವ್ ಮಂಡಲ್ ಮತ್ತು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಟಿ.ಆರ್. ಶಂಕರ್ ರಾಮನ್ ಹಕ್ಕಿ ಎಣಿಸಿ 2016ರಲ್ಲಿ ಬರೆದರು: ಕಡಿದು, ಸುಟ್ಟು, ಬೆಳೆದು, ಬಿಟ್ಟ ಆ ಜೂಮ್ ಗುಡ್ಡಗಳಲ್ಲಿ ಕಾಡಿನ ಹಕ್ಕಿಗಳು ತಾಳೆ ತೋಟಕ್ಕಿಂತ, ತೇಗದ ತೋಟಕ್ಕಿಂತ ಹೆಚ್ಚು. ಕೈ ಸೋಕಿದ ನೆಲದಲ್ಲಿ ಕಾಡು ಮತ್ತೆ ಏಳುತ್ತದೆ. ತಾಳೆಯ ಸಾಲಿನಲ್ಲಿ ಏಳುವುದಿಲ್ಲ. ಹಕ್ಕಿಗೆ ಈ ವ್ಯತ್ಯಾಸ ಗೊತ್ತು.

ಇದನ್ನೆಲ್ಲ ಅಂದೇ ಗೆಳೆಯನ ಮನೆಯಲ್ಲಿ ಹೇಳಲು ಹೋಗಿ ಅರ್ಧಕ್ಕೇ ಬೈಸಿಕೊಂಡೆ. ಹೊರಡುವಾಗ ಗೇಟಿನ ಹತ್ತಿರ, ಸಮಾಧಾನಕ್ಕೆಂದು, "ಮುಂದಿನ ಸಲ ಹೋದರೆ ಬಾತು ಪುತೆಯಲ್ಲಿ ಯಾರದಾದರೂ ಮನೆಯಲ್ಲಿ ಎರಡು ದಿನ ಇರು. ಗಿಡ ನೆಡುವವರ ಜೊತೆ ಒಂದು ಬೆಳಗ್ಗೆ ಹೋಗು. ನಮ್ಮ ಮಲೆನಾಡಿನ ಹಾಗೇ ಕಾಲಿಗೆ ಇಂಬಳ ಹತ್ತುತ್ತೆ, ಸೊಂಟ ಬೀಳುತ್ತೆ. ದೋಣಿ ಹೇಗೂ ಸಂಜೆಗಿದೆ" ಎಂದೆ.

ಅವನು ಸ್ವಲ್ಪ ಯೋಚಿಸಿದ. "ಅದು ಸರಿ. ಆದ್ರೆ ಅಲ್ಲಿ ಫೋಟೋ ಏನು ಸಿಗುತ್ತೆ?" ಎಂದ.